ಬೋರ್ಡೋ ವೈನ್ ನಾಡಿನಲ್ಲಿ ಒಂದು ವಾರದ ನದಿ ಕ್ರೂಸ್: ಮೊದಲ ಸಲ ಹೊರಟವರಿಗೆ

ಫ್ರಾನ್ಸ್‌ನ ದ್ರಾಕ್ಷಿತೋಟಗಳ ನಡುವೆ ಹಡಗಿನಲ್ಲಿ ಹೋಗಿಬರಬೇಕು, ಎಲ್ಲಿಂದ ಶುರು ಮಾಡಲಿ? ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಅದರ ಹಿಂದೆಯೇ ಇನ್ನಷ್ಟು ಬರುತ್ತವೆ. ಯಾವ ನದಿ ಒಳ್ಳೆಯದು, ಸಸ್ಯಾಹಾರ ಸಿಗುತ್ತದೆಯೇ, ಮನೆಯಲ್ಲಿ ಒಬ್ಬರು ಕುಡಿಯುವುದಿಲ್ಲ, ಅವರು ಏಳು ದಿನ ಏನು ಮಾಡಬೇಕು, ಅಮ್ಮನಿಗೆ ಮಂಡಿನೋವು, ಕರೆದುಕೊಂಡು ಹೋಗಬಹುದೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲಿಗೆ ನದಿಯ ಆಯ್ಕೆ. ಲಿಯೋನ್ ನಗರದಿಂದ ದಕ್ಷಿಣಕ್ಕೆ ಅವಿನ್ಯೋನ್ ಕಡೆ ಸಾಗುವ ರೋನ್ ನದಿಯ ಯಾನ ಸೊಗಸಾದದ್ದೇ. ಆದರೆ ಹತ್ತುವುದು ಒಂದು ಊರಿನಲ್ಲಿ, ಇಳಿಯುವುದು ಇನ್ನೊಂದರಲ್ಲಿ. ಅಲ್ಸಾಸ್ ಪ್ರಾಂತ್ಯದ ತೋಟಗಳನ್ನು ತೋರಿಸುವ ರೈನ್ ಯಾನ ಎರಡು ಮೂರು ದೇಶ ದಾಟುತ್ತದೆ. ಮೊದಲ ಸಲದವರಿಗೆ ನಾನು ಹೇಳುವುದು ಬೋರ್ಡೋ. ಹತ್ತಿದ ಕಟ್ಟೆಯಲ್ಲೇ ಇಳಿಯುತ್ತೀರಿ, ಇಡೀ ವಾರ ಒಂದೇ ದೇಶದಲ್ಲಿರುತ್ತೀರಿ, ಊರುಗಳ ನಡುವೆ ದೂರ ಕಡಿಮೆ. ಆದರೆ ಆ ಎರಡು ನದಿಗಳಿಗಿಲ್ಲದ ಒಂದು ಗುಣ ಬೋರ್ಡೋಗಿದೆ: ಇಲ್ಲಿ ಹಡಗಿನ ವೇಳಾಪಟ್ಟಿ ಬರೆಯುವುದು ಕಡಲು. ಅದನ್ನು ಮೊದಲೇ ತಿಳಿದು ಹೊರಟವರಿಗೆ ಈ ಪ್ರವಾಸ ತುಂಬ ಖುಷಿ ಕೊಡುತ್ತದೆ. ತಿಳಿಯದೆ ಹೋದವರು ಮೂರನೇ ದಿನಕ್ಕೇ ಗೊಣಗಲು ಶುರು ಮಾಡುತ್ತಾರೆ.

ಹಂತ 1: ನೀರಿನ ಸ್ವಭಾವ ತಿಳಿದುಕೊಳ್ಳಿ

ಗರೋನ್ ನದಿ ಪಿರೆನೀಸ್ ಪರ್ವತಗಳಿಂದ ಇಳಿದು ಬರುತ್ತದೆ, ದೋರ್ದೋನ್ ನದಿ ಮಧ್ಯ ಫ್ರಾನ್ಸ್‌ನ ಎತ್ತರದ ಪ್ರದೇಶದಿಂದ. ಬೋರ್ಡೋ ನಗರ ದಾಟಿದ ಮೇಲೆ ಬೆಕ್ ದಾಂಬೆಸ್ ಎಂಬಲ್ಲಿ ಎರಡೂ ಕೂಡಿ ಜಿರೋಂದ್ ಆಗುತ್ತವೆ. ಜಿರೋಂದ್ ನದಿಯಲ್ಲ, ಅಳಿವೆ. ಸುಮಾರು 75 ಕಿ.ಮೀ. ಉದ್ದದ ಇದು ಪಶ್ಚಿಮ ಯುರೋಪಿನ ಅತಿ ದೊಡ್ಡ ಅಳಿವೆ. ಅಟ್ಲಾಂಟಿಕ್ ಸಾಗರದ ಉಬ್ಬರ ಈ ಅಳಿವೆಯ ಮೂಲಕ ಬೋರ್ಡೋ ನಗರವನ್ನೂ ದಾಟಿ ಒಳನಾಡಿಗೆ ನುಗ್ಗುತ್ತದೆ. ದಿನಕ್ಕೆ ಎರಡು ಸಲ ನದಿ ಹಿಮ್ಮುಖವಾಗಿ ಹರಿಯುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಬೋರ್ಡೋ ಕಟ್ಟೆಯಲ್ಲಿ ನೀರಿನ ಮಟ್ಟ ನಾಲ್ಕೈದು ಮೀಟರ್ ಏರಿಳಿಯುತ್ತದೆ.

ಇದರಿಂದ ನಿಮಗೆ ಏನಾಗುತ್ತದೆ?

ಮೊದಲನೆಯದು, ಹಡಗು ಹೊರಡುವ ಹೊತ್ತು ದಿನದಿನಕ್ಕೆ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಎಂಜಿನ್ ಸದ್ದು ಕೇಳಿದರೆ ಗಾಬರಿ ಬೇಡ, ಉಬ್ಬರ ಹಿಡಿಯಲು ಹೊರಟಿದ್ದಾರೆ ಅಷ್ಟೆ. ನಾಳೆಯ ಕಾರ್ಯಕ್ರಮ ಪಕ್ಕಾ ಆಗುವುದು ಇವತ್ತಿನ ಸಂಜೆ.

ಎರಡನೆಯದು ಪೋಂ ದ ಪಿಯೆರ್, ಅಂದರೆ ನಗರದ ಹಳೆಯ ಕಲ್ಲುಸೇತುವೆ. 1822ರಲ್ಲಿ ಬಳಕೆಗೆ ಬಂದ ಇದಕ್ಕೆ 17 ಕಮಾನುಗಳಿವೆ. ಮೇಲ್ದಂಡೆಯ ಕಾದಿಯಾಕ್ ಊರಿಗೆ ಹೋಗಬೇಕಾದರೆ ಹಡಗು ಈ ಕಮಾನಿನಡಿ ನುಸುಳಬೇಕು. ನೀರು ಹೆಚ್ಚಿದ್ದರೆ ತಲೆ ತಾಗುತ್ತದೆ, ಕಡಿಮೆಯಿದ್ದರೆ ತಳ ತಾಗುತ್ತದೆ, ಕಂಬಗಳ ನಡುವೆ ಸೆಳವೂ ಜೋರು. ಅದಕ್ಕೇ ಸರಿಯಾದ ಹೊತ್ತಿಗೆ ಕಾಯುತ್ತಾರೆ. ಹೊತ್ತು ಕೂಡಿಬರದಿದ್ದರೆ ಹಡಗನ್ನು ಬೋರ್ಡೋದಲ್ಲೇ ನಿಲ್ಲಿಸಿ ನಿಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಅದು ಕಂಪನಿಯ ಮೋಸವಲ್ಲ. ನುಸುಳುವ ಹೊತ್ತಿನಲ್ಲಿ ಎಚ್ಚರವಿದ್ದರೆ ಮಾತ್ರ ಮೇಲಿನ ಡೆಕ್‌ಗೆ ಬಂದು ನೋಡಿ, ಇಡೀ ವಾರದಲ್ಲಿ ಅಂಥ ಕ್ಷಣ ಇನ್ನೊಂದಿಲ್ಲ. ಡೆಕ್ ಮುಚ್ಚಿದ್ದರೆ ಮುಂಭಾಗದ ಲೌಂಜ್‌ನಿಂದಲೂ ಕಾಣುತ್ತದೆ.

ಮೂರನೆಯದು ವಯಸ್ಸಾದವರಿಗೆ ಮುಖ್ಯ. ಹಡಗಿನಿಂದ ದಡಕ್ಕೆ ಹಾಕುವ ಹಲಗೆಯ ಇಳಿಜಾರು ಉಬ್ಬರದ ಜೊತೆ ಬದಲಾಗುತ್ತದೆ. ಬೆಳಿಗ್ಗೆ ಸಮತಟ್ಟಾಗಿದ್ದದ್ದು ಮಧ್ಯಾಹ್ನ ಕಡಿದಾಗಿರುತ್ತದೆ. ಊರುಗೋಲು ಬಳಸುವವರು ಹಿಂದಿನ ಸಂಜೆಯೇ ರಿಸೆಪ್ಶನ್‌ನಲ್ಲಿ ಹೇಳಿಟ್ಟರೆ ಸಿಬ್ಬಂದಿ ಕೈ ಕೊಡಲು ನಿಂತಿರುತ್ತಾರೆ.

ಬಣ್ಣದ ಮಾತೂ ಹೇಳಿಬಿಡಬೇಕು. ಜಾಹೀರಾತಿನ ಚಿತ್ರಗಳಲ್ಲಿ ನೀಲಿ ಕಾಣುವ ನೀರು ನಿಜಕ್ಕೂ ಕಂದು, ಮಳೆಗಾಲದ ತುಂಗಭದ್ರೆಯ ಹಾಗೆ. ಅದು ಕೊಳಕಲ್ಲ. ಉಬ್ಬರವಿಳಿತ ಹೂಳನ್ನು ಹಗಲೂ ರಾತ್ರಿ ಕಲಕುತ್ತಿರುವುದರಿಂದ ಹಾಗೆ ಕಾಣುತ್ತದೆ.

ಎಚ್ಚರಿಕೆ: ಕ್ರೂಸಿನ ನಡುವಿನ ದಿನಗಳಲ್ಲಿ ಸ್ವಂತವಾಗಿ ದುಡ್ಡು ಕಟ್ಟಿ, ಗಂಟೆ ನಿಗದಿ ಮಾಡಿ ಹೋಟೆಲ್ ಊಟ, ತೋಟದ ಭೇಟಿ ಕಾಯ್ದಿರಿಸಬೇಡಿ. ಅಂಥದ್ದೇನಿದ್ದರೂ ಹತ್ತುವ ಮುಂಚಿನ ದಿನ ಅಥವಾ ಇಳಿದ ಮರುದಿನ ಇಟ್ಟುಕೊಳ್ಳಿ.

ಹಂತ 2: ತಿಂಗಳು ಆರಿಸಿ

ಯಾನಗಳು ಮಾರ್ಚ್ ಕೊನೆಯಿಂದ ನವೆಂಬರ್‌ವರೆಗೆ ಇರುತ್ತವೆ. ನನ್ನ ಆಯ್ಕೆ ಮೇ ಕೊನೆ–ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಬಳ್ಳಿಗಳು ಹಸಿರಾಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಕೊಯ್ಲು ಕಾಣಬಹುದು. ಬಿಳಿ ದ್ರಾಕ್ಷಿ ಮೊದಲು, ಆಮೇಲೆ ಕೆಂಪು. ಆದರೆ ಕೊಯ್ಲಿನ ಸಮಯದಲ್ಲಿ ಹಲವು ತೋಟಗಳು ಸಂದರ್ಶಕರನ್ನು ಕಡಿಮೆ ಮಾಡುತ್ತವೆ ಅಥವಾ ಬಾಗಿಲು ಹಾಕುತ್ತವೆ. ಕೊಯ್ಲು ನೋಡಲೇಬೇಕೆಂದಿದ್ದರೆ ಬುಕ್ ಮಾಡುವ ಮುನ್ನ "ಈ ವಾರ ತೋಟದೊಳಗೆ ಬಿಡುತ್ತಾರೆಯೇ" ಎಂದು ಕೇಳಿ.

ಜುಲೈ–ಆಗಸ್ಟ್ ಬೇಡ ಅನ್ನುತ್ತೇನೆ. ಬಿಸಿಲು ನಾವು ಊಹಿಸುವುದಕ್ಕಿಂತ ಜೋರು, ಊರುಗಳಲ್ಲಿ ಜನಜಂಗುಳಿ, ಆಗಸ್ಟ್‌ನಲ್ಲಿ ಎಷ್ಟೋ ಅಂಗಡಿಗಳವರೇ ರಜೆ ಹೋಗಿರುತ್ತಾರೆ. ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಏಪ್ರಿಲ್‌ನಲ್ಲಿ ಹೋಗುವುದಾದರೆ ಸ್ವೆಟರ್, ಕೊಡೆ ಎರಡೂ ಬೇಕು. ಏಪ್ರಿಲ್‌ನಲ್ಲೇ ವ್ಯಾಪಾರಿಗಳು, ವಿಮರ್ಶಕರು ಹೊಸ ವೈನ್ ರುಚಿ ನೋಡಲು ಬರುವ ವಾರವೂ ಇರುತ್ತದೆ. ಆಗ ಹೆಸರಾಂತ ತೋಟಗಳಿಗೆ ನಮ್ಮಂಥವರನ್ನು ವಿಚಾರಿಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಹಂತ 3: ಹಡಗು ಮತ್ತು ಕ್ಯಾಬಿನ್

ಸ್ಟ್ರಾಸ್‌ಬೂರ್ಗ್ ಮೂಲದ ಫ್ರೆಂಚ್ ಕಂಪನಿ ಕ್ರುವಾಜಿಯೂರೋಪ್, ಜೊತೆಗೆ ವೈಕಿಂಗ್, ಅಮಾವಾಟರ್‌ವೇಸ್, ಯೂನಿವರ್ಲ್ಡ್‌ನಂಥ ಕಂಪನಿಗಳು ಬೋರ್ಡೋದಲ್ಲಿ ಯಾನ ನಡೆಸುತ್ತವೆ. ಏಳು ರಾತ್ರಿಗೆ ಒಬ್ಬರಿಗೆ ಸುಮಾರು 1,500 ಯೂರೋದಿಂದ ಹಿಡಿದು 5,000 ದಾಟುವವರೆಗೂ ದರ ಹೋಗುತ್ತದೆ, ವಿಮಾನ ಬೇರೆ. ದರ ಹೋಲಿಸುವ ಮುನ್ನ ಒಳಗೊಂಡಿರುವುದೇನು ಎಂದು ನೋಡಿ. ಕೆಲವರಲ್ಲಿ ದಿನಕ್ಕೊಂದು ದಡದ ಪ್ರವಾಸ ಸೇರಿರುತ್ತದೆ, ಕೆಲವರಲ್ಲಿ ಪ್ರತಿಯೊಂದಕ್ಕೂ ಬೇರೆ ಹಣ. ಊಟದ ಜೊತೆಗಿನ ವೈನ್, ವೈಫೈ, ಸಿಬ್ಬಂದಿಯ ಟಿಪ್ಸ್, ನಿಲ್ದಾಣದಿಂದ ಹಡಗಿಗೆ ಕರೆತರುವ ವ್ಯವಸ್ಥೆ, ಈ ನಾಲ್ಕನ್ನೂ ಬರವಣಿಗೆಯಲ್ಲೇ ಕೇಳಿ. ಅಗ್ಗ ಅಂದುಕೊಂಡದ್ದು ಕೊನೆಗೆ ದುಬಾರಿಯಾಗುವುದು ಇಲ್ಲೇ. ಒಬ್ಬರೇ ಹೋಗುವವರಿಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಕೆಲವು ತಾರೀಖುಗಳಿಗೆ ಅದನ್ನು ಮನ್ನಾ ಮಾಡುತ್ತಾರೆ. ಮಕ್ಕಳಿದ್ದರೆ ವಯಸ್ಸಿನ ನಿಯಮ ನೋಡಿ. ಉದಾಹರಣೆಗೆ ವೈಕಿಂಗ್‌ನಲ್ಲಿ 18 ತುಂಬದವರಿಗೆ ಪ್ರವೇಶವಿಲ್ಲ.

ಸಮುದ್ರದ ಕ್ರೂಸ್ ಹಡಗಿನಲ್ಲಿ ಸಾವಿರಾರು ಜನ ಇರುತ್ತಾರೆ. ಇಲ್ಲಿ ನೂರರಿಂದ ಇನ್ನೂರರೊಳಗೆ. ಈಜುಕೊಳ, ಕ್ಯಾಸಿನೋ, ದೊಡ್ಡ ರಂಗಮಂದಿರ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ವೈದ್ಯರೂ ಇರುವುದಿಲ್ಲ. ಹಾಗಾಗಿ ದಿನನಿತ್ಯದ ಮಾತ್ರೆಗಳನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಫ್ರಾನ್ಸ್‌ನಲ್ಲಿ ತುರ್ತು ಸಂಖ್ಯೆ 112.

ಕ್ಯಾಬಿನ್ ಮೂರು ಮಹಡಿಗಳಲ್ಲಿ ಇರುತ್ತವೆ. ಕೆಳಮಹಡಿಯಲ್ಲಿ ಕಿಟಕಿ ತೆರೆಯಲಾಗದು, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಮೇಲೆ "ಫ್ರೆಂಚ್ ಬಾಲ್ಕನಿ" ಎಂದು ಮಾರುತ್ತಾರೆ. ಇದರಲ್ಲಿ ಹೊರಗೆ ಕಾಲಿಡುವ ಜಾಗವಿಲ್ಲ, ಸರಿಸುವ ಗಾಜಿನ ಬಾಗಿಲು ಮತ್ತು ಅದಕ್ಕೊಂದು ಕಂಬಿ ಅಷ್ಟೆ. ಕುರ್ಚಿ ಹಾಕಿ ಕೂರುವ ಆಸೆಯಿದ್ದರೆ "ಪೂರ್ಣ ಬಾಲ್ಕನಿ" ಎಂದು ಬರೆದಿದೆಯೇ ನೋಡಿ. ಹಾಗೆಂದು ಅದಕ್ಕೆ ಬಹಳ ಹಣ ಸುರಿಯಬೇಡಿ. ಕಟ್ಟೆಯಲ್ಲಿ ಕೆಲವೊಮ್ಮೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ, ಆಗ ನಿಮ್ಮ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನ ಕ್ಯಾಬಿನ್. ಉಳಿದ ಹಣವನ್ನು ಒಂದು ಒಳ್ಳೆಯ ತೋಟದ ಭೇಟಿಗೆ ಬಳಸಿ. ನಿದ್ದೆ ಹಗುರವಾದವರು ಹಿಂಭಾಗದ, ಅಂದರೆ ಎಂಜಿನ್ ಕಡೆಯ ಕ್ಯಾಬಿನ್ ತಪ್ಪಿಸಿ. ಹಿರಿಯರಿದ್ದರೆ ಲಿಫ್ಟ್ ಯಾವ ಯಾವ ಮಹಡಿಗೆ ಹೋಗುತ್ತದೆ ಎಂದು ಕೇಳಿ. ಕೆಳಮಹಡಿಗೂ ಮೇಲಿನ ಡೆಕ್‌ಗೂ ಎಷ್ಟೋ ಹಡಗುಗಳಲ್ಲಿ ಮೆಟ್ಟಿಲೇ ಗತಿ.

ಹಂತ 4: ವೀಸಾ ಮತ್ತು ಹಣ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ, ಬೇಕು. ಇಡೀ ವಾರ ಫ್ರಾನ್ಸ್‌ನಲ್ಲೇ ಇರುವುದರಿಂದ ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬ ಗೊಂದಲವಿಲ್ಲ. ಫ್ರಾನ್ಸ್ ವೀಸಾ ಜಾಲತಾಣದಲ್ಲಿ ಅರ್ಜಿ ತುಂಬಿ, ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಆ ಗಡುವಿನ ಹತ್ತಿರ ಹೋಗಲೇಬೇಡಿ, ಬೇಸಿಗೆಗೆ ಮುಂಚೆ ಸ್ಲಾಟ್ ಸಿಗುವುದೇ ಕಷ್ಟ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ನೀವು ಷೆಂಗೆನ್ ವಲಯ ಬಿಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದಾಗಬೇಕು.

ಇಲ್ಲಿ ಎಡವುವ ಜಾಗ ವಸತಿಯ ದಾಖಲೆ. "ಕ್ರೂಸ್ ಬುಕ್ ಆಗಿದೆ" ಎಂಬ ಒಂದು ಸಾಲಿನ ರಸೀದಿ ಸಾಲದು. ಪ್ರತಿಯೊಬ್ಬ ಪ್ರಯಾಣಿಕರ ಹೆಸರು, ಹತ್ತುವ–ಇಳಿಯುವ ತಾರೀಖು, ರಾತ್ರಿಗಳ ಸಂಖ್ಯೆ ಇರುವ ದೃಢೀಕರಣ ಪತ್ರ ಪಡೆಯಿರಿ. ಹಡಗಿಗೆ ಮುಂಚಿನ, ನಂತರದ ರಾತ್ರಿಗಳ ಹೋಟೆಲ್ ಬುಕಿಂಗ್ ಅದಕ್ಕೆ ಸರಿಹೊಂದಬೇಕು, ಒಂದು ರಾತ್ರಿಯೂ ಖಾಲಿ ಬಿಡಬೇಡಿ. ವೀಸಾ ಬಾರದಿದ್ದರೆ ಎಷ್ಟು ಹಣ ವಾಪಸ್ ಎಂಬುದನ್ನು ಮುಂಗಡ ಕಟ್ಟುವ ಮುನ್ನವೇ ಕೇಳಿ.

ಬ್ರಿಟನ್, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ಪಾಸ್‌ಪೋರ್ಟ್ ಇನ್ನೂ ಭಾರತದ್ದಾಗಿದ್ದರೆ ನಿಮಗೂ ಈ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದರೆ ಸಾಕು ಎಂದು ತಿಳಿದವರು ಬಹಳ. ಅರ್ಜಿ ಹಾಕುವುದು ನೀವು ಇರುವ ದೇಶದಿಂದ.

ಭಾರತದ ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಸೇರುತ್ತದೆ. ಇದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಲೇ ಬಂದಿದೆ, ಹಣ ಕಟ್ಟುವ ದಿನದ ದರ ಕೇಳಿ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಎಸೆಯಬೇಡಿ.

ಹಂತ 5: ಊಟದ ವಿಷಯ ಬುಕ್ ಮಾಡುವಾಗಲೇ ಹೇಳಿ

ಹಡಗಿನ ಅಡುಗೆಮನೆ ಚಿಕ್ಕದು, ಸಾಮಾನು ಮೊದಲೇ ತುಂಬಿಸುತ್ತಾರೆ. ಹತ್ತಿದ ಮೇಲೆ "ನಾವು ವೆಜ್" ಎಂದರೆ ಏಳೂ ದಿನ ಸಲಾಡ್, ಪಾಸ್ತಾ, ಆಮ್ಲೆಟ್ ಸಿಗುತ್ತದೆ. ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹೊರಡುವ ಕೆಲವು ವಾರ ಮುಂಚೆ ಮತ್ತೆ ನೆನಪಿಸಿ. "ವೆಜಿಟೇರಿಯನ್" ಎಂಬ ಒಂದೇ ಪದ ಬಿಟ್ಟು ಬಿಡಿಸಿ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಮಾಂಸದ ಅಥವಾ ಮೀನಿನ ಸ್ಟಾಕ್ ಬೇಡ, ಜೆಲಾಟಿನ್ ಬೇಡ, ಮೊಟ್ಟೆ ನಡೆಯುತ್ತದೆ ಅಥವಾ ನಡೆಯುವುದಿಲ್ಲ. ಫ್ರೆಂಚ್ ಅಡುಗೆಯಲ್ಲಿ ಸೂಪಿಗೆ ಮಾಂಸದ ಸ್ಟಾಕ್ ಹಾಕುವುದು, ಹಸಿರು ಸಲಾಡಿನ ಮೇಲೆ ಹಂದಿಮಾಂಸದ ಚೂರು ಉದುರಿಸುವುದು ಮಾಮೂಲು. ದಡದ ಹೋಟೆಲುಗಳಲ್ಲಿ "ಸಾಂ ವ್ಯಾಂದ್, ಸಾಂ ಪ್ವಾಸೋಂ" (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಹೇಳಿ. ಬೋರ್ಡೋದ ಪ್ರಸಿದ್ಧ ಸಿಹಿ ಕನೆಲೆ, ಅಂದರೆ ತಾಮ್ರದ ಅಚ್ಚಿನಲ್ಲಿ ಸುಟ್ಟ ಪುಟ್ಟ ಕೇಕಿನಲ್ಲಿ, ಮೊಟ್ಟೆಯ ಹಳದಿಯೂ ರಮ್ಮೂ ಇರುತ್ತವೆ.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿ: ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಅಂಟು ಅಥವಾ ಹಾಲಿನ ಪ್ರೋಟೀನ್ ಬಳಸುತ್ತಾರೆ. ಇತರರು ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುತ್ತಾರೆ. ತೋಟದಲ್ಲಿ "ವೇಗಾನ್" ಎಂದು ಕೇಳಿದರೆ ಯಾವುದು ಎಂದು ಹೇಳುತ್ತಾರೆ. ಕೇಳಲು ಸಂಕೋಚ ಬೇಡ.

ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ, ಊಟದ ಮೇಜಿಗೆ ತಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕ್ಯಾಬಿನ್‌ನಲ್ಲಿ ಕುಕ್ಕರ್, ಕೆಟಲ್ ಹಚ್ಚಲು ಬಿಡುವುದಿಲ್ಲ.

ಹಂತ 6: ಬೋರ್ಡೋ ತಲುಪುವುದು

ಬೆಂಗಳೂರಿನಿಂದ ಪ್ಯಾರಿಸ್‌ನ ಶಾರ್ಲ್ ದ ಗೋಲ್ ನಿಲ್ದಾಣಕ್ಕೆ ನೇರ ವಿಮಾನವಿದೆ. ಅಲ್ಲಿಂದ ಟಿಜಿವಿ, ಅಂದರೆ ಅತಿವೇಗದ ರೈಲು. ವಿಮಾನ ನಿಲ್ದಾಣದೊಳಗಿನ ಸ್ಟೇಷನ್ನಿನಿಂದಲೇ ಬೋರ್ಡೋಗೆ ಕೆಲವು ನೇರ ರೈಲುಗಳಿವೆ, ಸಿಕ್ಕರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಪ್ಯಾರಿಸ್ ನಗರದ ಇನ್ನೊಂದು ಬದಿಯ ಮೋಂಪಾರ್ನಾಸ್ ಸ್ಟೇಷನ್ನಿಗೆ ಹೋಗಬೇಕು, ಲಗೇಜಿನ ಜೊತೆ ಅದೊಂದು ದೊಡ್ಡ ಕೆಲಸ. ಮೋಂಪಾರ್ನಾಸ್‌ನಿಂದ ಬೋರ್ಡೋದ ಸ್ಯಾಂ ಜಾಂ ಸ್ಟೇಷನ್ನಿಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಗಡಿ ದಾಟಿದ್ದನ್ನು ಬೆರಳಚ್ಚು, ಮುಖದ ಚಿತ್ರದ ಸಹಿತ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಸಾಲು ಉದ್ದವಾಗಬಹುದು. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ಮೂರು ಗಂಟೆಯಾದರೂ ಇರಲಿ. ಹಡಗು ಹೊರಡುವ ದಿನವೇ ಬೋರ್ಡೋ ತಲುಪುವ ಯೋಜನೆ ಹಾಕಲೇಬೇಡಿ. ಫ್ರಾನ್ಸ್‌ನಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಮತ್ತು ಉಬ್ಬರ ನಿಮಗಾಗಿ ಕಾಯುವುದಿಲ್ಲ. ಹಿಂದಿನ ದಿನವೇ ಬಂದು ಒಂದು ರಾತ್ರಿ ನಗರದಲ್ಲಿ ತಂಗಿ. ಸ್ಟೇಷನ್ನಿನಿಂದ ನದಿದಂಡೆಗೆ ಸಿ ಟ್ರಾಮ್ ಬರುತ್ತದೆ. ನಿಮ್ಮ ಹಡಗು ಯಾವ ಕಟ್ಟೆಯಲ್ಲಿದೆ ಎಂಬುದನ್ನು ಮಾತ್ರ ಹಿಂದಿನ ದಿನ ಖಚಿತಪಡಿಸಿಕೊಳ್ಳಿ, ಕಟ್ಟೆಗಳು ಹಲವು.

ಹಂತ 7: ಕೆಲವು ಪದ, ಸ್ವಲ್ಪ ಅಭ್ಯಾಸ

ಶಾತೋ ಎಂದರೆ ಕೋಟೆಯೇ ಆಗಬೇಕಿಲ್ಲ. ಇಲ್ಲಿ ಅದು ವೈನ್ ಮಾಡುವ ಎಸ್ಟೇಟ್, ಕೆಲವು ಸಾದಾ ತೋಟದಮನೆಗಳು. ಅಪೆಲಾಸಿಯೋಂ ಎಂದರೆ ಕಾನೂನು ಗಡಿ ಹಾಕಿಕೊಟ್ಟ ಪ್ರದೇಶ. ಆ ಹೆಸರು ಹಾಕಬೇಕಾದರೆ ದ್ರಾಕ್ಷಿ ಅಲ್ಲಿಯದೇ ಆಗಿರಬೇಕು, ತಳಿ ಮತ್ತು ಇಳುವರಿಯ ನಿಯಮ ಪಾಲಿಸಿರಬೇಕು. ಅಸಾಂಬ್ಲಾಜ್ ಎಂದರೆ ಹಲವು ತಳಿಗಳ ವೈನ್ ಬೆರೆಸುವುದು, ಬೋರ್ಡೋದ ಜೀವಾಳವೇ ಇದು. ಬಾರಿಕ್ ಎಂದರೆ 225 ಲೀಟರಿನ ಓಕ್ ಪೀಪಾಯಿ. ಟ್ಯಾನಿನ್ ಎಂದರೆ ಬಾಯಿ ಒಗರಾಗಿಸುವ ಅಂಶ.

ಜಿರೋಂದ್–ಗರೋನ್‌ನ ಎಡದಂಡೆಯ ಮೆದೋಕ್ ಪ್ರದೇಶದಲ್ಲಿ ಜಲ್ಲಿಮಣ್ಣು, ಅಲ್ಲಿ ಕ್ಯಾಬರ್ನೆ ಸೋವಿನ್ಯೋಂ ತಳಿಯದ್ದೇ ಮೇಲುಗೈ. ದೋರ್ದೋನ್‌ನ ಬಲದಂಡೆಯ ಸ್ಯಾಂತ್ ಎಮಿಲಿಯೋಂ ಕಡೆ ಜೇಡಿ ಮತ್ತು ಸುಣ್ಣಕಲ್ಲು, ಅಲ್ಲಿ ಮೆರ್ಲೋ. ಇಷ್ಟು ತಿಳಿದಿದ್ದರೆ ಗೈಡ್ ಹೇಳುವ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ವೈನ್ ನಿಮಗೆ ಹಿಡಿಸುತ್ತದೆಯೇ ಎಂಬುದನ್ನು ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ಇಲ್ಲೇ ನೋಡಿಕೊಳ್ಳಿ. ದೊಡ್ಡಬಳ್ಳಾಪುರ, ನಂದಿಬೆಟ್ಟದ ಸುತ್ತಿನ ವೈನರಿಗಳಲ್ಲಿ ತೋಟ ತೋರಿಸಿ ರುಚಿ ನೋಡಿಸುತ್ತಾರೆ. ಬೋರ್ಡೋಗೂ ಈ ನೆಲಕ್ಕೂ ನಂಟಿದೆ. ದೊಡ್ಡಬಳ್ಳಾಪುರ ಬಳಿಯ ಗ್ರೋವರ್ ವೈನರಿಗೆ 1990ರ ದಶಕದಿಂದ ಸಲಹೆಗಾರರಾಗಿದ್ದ ಮಿಶೆಲ್ ರೋಲಾಂ, ನಿಮ್ಮ ಹಡಗು ನಿಲ್ಲುವ ಲಿಬೂರ್ನ್ ಕಡೆಯವರೇ.

ರುಚಿ ನೋಡುವ ಕ್ರಮ ಸರಳ. ಲೋಟ ಓರೆ ಮಾಡಿ ಬಣ್ಣ ನೋಡಿ, ತಿರುಗಿಸಿ ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗಿಯಿರಿ. ಉಗಿಯಲೆಂದೇ ಇಟ್ಟ ಆ ಪಾತ್ರೆಗೆ ಕ್ರಾಶ್ವಾರ್ ಎನ್ನುತ್ತಾರೆ. ಉಗಿದರೆ ಅವಮಾನವಲ್ಲ, ವೃತ್ತಿಯವರು ಮಾಡುವುದೇ ಅದು. ಬೆಳಿಗ್ಗೆ ಒಂದು ತೋಟ, ಸಂಜೆ ಇನ್ನೊಂದು, ಒಂದೊಂದರಲ್ಲಿ ನಾಲ್ಕೈದು ವೈನ್, ಮೇಲೆ ಹಡಗಿನ ಊಟದ ಜೊತೆ ಮತ್ತೆ. ಎಲ್ಲ ನುಂಗಿದವರು ಮರುದಿನ ಕ್ಯಾಬಿನ್ ಬಿಟ್ಟು ಏಳುವುದಿಲ್ಲ. ಆ ದಿನ ಸೆಂಟು ಹಾಕಿಕೊಳ್ಳಬೇಡಿ, ಉಳಿದವರಿಗೂ ವೈನಿನ ಪರಿಮಳ ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಕುಡಿಯದವರಿಗೆ ಹಲವು ತೋಟಗಳಲ್ಲಿ ದ್ರಾಕ್ಷಿರಸ ಕೊಡುತ್ತಾರೆ, ಮೊದಲೇ ಹೇಳಿರಬೇಕು. ನೆಲಮಾಳಿಗೆ, ಪೀಪಾಯಿ, ತೋಟ, ಕೋಟೆ, ಹಳೆಯ ಊರು ಇವನ್ನೆಲ್ಲ ನೋಡಲು ಲೋಟ ಹಿಡಿಯಬೇಕಿಲ್ಲ.

ಹಂತ 8: ದಡದಲ್ಲಿ ಏನು ಆರಿಸಬೇಕು

ಊರುಗಳ ಸರದಿ ಉಬ್ಬರ ನೋಡಿ ಹಿಂದೆಮುಂದೆ ಆಗುತ್ತದೆ.

*ಕಾದಿಯಾಕ್ ಮತ್ತು ಸೋತೆರ್ನ್.* ಗರೋನ್‌ನ ಮೇಲ್ದಂಡೆ. ಇಲ್ಲಿಯದು ಸಿಹಿ ವೈನ್. ಸಿರೋನ್ ಎಂಬ ಕಿರುಹೊಳೆಯ ತಣ್ಣೀರು ಶರತ್ಕಾಲದಲ್ಲಿ ಗರೋನ್‌ನ ಬೆಚ್ಚನೆ ನೀರಿಗೆ ಸೇರಿದಾಗ ಮಂಜು ಏಳುತ್ತದೆ. ಬೆಳಗಿನ ಮಂಜಿಗೆ ದ್ರಾಕ್ಷಿಯ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಕ್ಕಾಗಿ ಸಕ್ಕರೆ ಗಟ್ಟಿಯಾಗುತ್ತದೆ. ಬೂಷ್ಟು ಸರಿಯಾಗಿ ಹಿಡಿದ ಹಣ್ಣನ್ನಷ್ಟೇ ಆರಿಸುತ್ತಾ ಒಂದೇ ತೋಟವನ್ನು ಹಲವು ಸಲ ಕೊಯ್ಯುತ್ತಾರೆ. ಬೆಲೆ ಯಾಕೆ ಅಷ್ಟು ಎಂಬುದು ಆಗ ತಿಳಿಯುತ್ತದೆ. ವೈನ್ ಹೊಸದಾಗಿ ಬಾಯಿಗಿಡುವವರಿಗೆ ಹಿಡಿಸುವ ಸಾಧ್ಯತೆ ಹೆಚ್ಚಿರುವುದೂ ಇದೇ. ಈ ದಿನದ ಪ್ರವಾಸ ಬಿಡಬೇಡಿ.

*ಪೊಯಾಕ್ ಮತ್ತು ಮೆದೋಕ್.* 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ, ಮೂರನೇ ನೆಪೋಲಿಯನ್ ಕಾಲದಲ್ಲಿ, ಇಲ್ಲಿಯ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಆ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಹಾಗೇ ಇದೆ. ದೊಡ್ಡ ಬದಲಾವಣೆ 1973ರಲ್ಲಿ ಶಾತೋ ಮೂತೋನ್ ಮೊದಲ ದರ್ಜೆಗೆ ಏರಿದ್ದು. ಮೊದಲ ದರ್ಜೆಯ ಲಾಫೀತ್, ಲಾತೂರ್, ಮೂತೋನ್ ಮೂರೂ ಪೊಯಾಕ್‌ನವೇ. ಎಚ್ಚರಿಕೆ ಏನೆಂದರೆ, ಜಾಹೀರಾತಿನಲ್ಲಿ ಈ ಹೆಸರುಗಳಿರುತ್ತವೆ, ನಿಮ್ಮನ್ನು ಒಳಗೆ ಕರೆದೊಯ್ಯುವುದು ಬೇರೆಲ್ಲಿಗೋ. ದೊಡ್ಡವರನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತಾರೆ. ರುಚಿ ನೋಡುವುದು ಯಾವ ಶಾತೋದಲ್ಲಿ ಎಂದು ಹೆಸರು ಹಿಡಿದು ಕೇಳಿ. ಚಿಕ್ಕ ತೋಟ ಸಿಕ್ಕರೆ ಬೇಸರ ಪಡಬೇಡಿ, ಅಲ್ಲಿ ಬೆಳೆದವರೇ ಎದುರು ನಿಂತು ಮಾತಾಡುತ್ತಾರೆ.

ಮಲೆನಾಡಿನ, ಕರಾವಳಿಯ ಅಡಿಕೆ ಬೆಳೆಗಾರರು ಈ ನೆಲದಲ್ಲಿ ಒಂದು ಕ್ಷಣ ನಿಲ್ಲಬೇಕು. ಮಳೆಗಾಲಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಇಲ್ಲೇ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಮೆದೋಕ್‌ನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗುಲದ್ದನ್ನು 1880ರ ದಶಕದಲ್ಲಿ ಬೋರ್ಡೋದ ಸಸ್ಯವಿಜ್ಞಾನಿ ಮಿಯಾರ್ದೆ ಗಮನಿಸಿ, ಪ್ರಯೋಗ ಮಾಡಿ, ಮದ್ದಾಗಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ತೋಟದಲ್ಲಿ ಗೈಡ್‌ಗೆ ಇದನ್ನು ಹೇಳಿ ನೋಡಿ, ಮಾತು ಬೇರೆಯೇ ಹಾದಿ ಹಿಡಿಯುತ್ತದೆ.

*ಬ್ಲಾಯ್.* ಅಳಿವೆಯ ಬಲದಂಡೆಯ ಕೋಟೆಯೂರು. 1685ರಿಂದ 1689ರವರೆಗೆ ಸೇನಾ ಎಂಜಿನಿಯರ್ ವೋಬಾಂ ಕಟ್ಟಿಸಿದ ಕೋಟೆ 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಳಿವೆ ಇಲ್ಲಿ ಎಷ್ಟು ಅಗಲವೆಂದರೆ ಆಗಿನ ಫಿರಂಗಿಗುಂಡು ಆಚೆ ದಡ ಮುಟ್ಟುತ್ತಿರಲಿಲ್ಲ, ಹಾಗಾಗಿ ನಡುವಿನ ದ್ವೀಪದಲ್ಲೊಂದು, ಎದುರು ದಡದಲ್ಲೊಂದು ಕೋಟೆ ಸೇರಿ ಮೂರು ಕೋಟೆಗಳಿಂದ ಬೋರ್ಡೋದ ದಾರಿ ಕಾದರು. ಹಡಗಿನಿಂದ ನಡೆದೇ ಹೋಗಬಹುದು, ಬಸ್ಸೂ ಬೇಡ, ಟಿಕೆಟ್ಟೂ ಬೇಡ. ಸಂಜೆ ಹೊತ್ತು ಗೋಡೆಯ ಮೇಲೆ ಕೂತರೆ ಅಳಿವೆಯ ನಿಜವಾದ ಗಾತ್ರ ಕಾಣುತ್ತದೆ.

*ಲಿಬೂರ್ನ್ ಮತ್ತು ಸ್ಯಾಂತ್ ಎಮಿಲಿಯೋಂ.* ಹಡಗು ದೋರ್ದೋನ್ ನದಿಯ ಲಿಬೂರ್ನ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಸ್ಸು. ಸ್ಯಾಂತ್ ಎಮಿಲಿಯೋಂ 1999ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಊರ ನಡುವೆ ಸುಣ್ಣಕಲ್ಲಿನ ಬಂಡೆಯೊಳಗೇ ಕೊರೆದ ಮಧ್ಯಯುಗದ ಇಗರ್ಜಿ ಇದೆ. ಒಳಗೆ ಬಿಡುವುದು ಗೈಡ್ ಜೊತೆ ಮಾತ್ರ. ನಿಮ್ಮ ಪ್ರವಾಸದಲ್ಲಿ ಅದು ಸೇರಿದೆಯೇ ನೋಡಿ, ಇಲ್ಲವಾದರೆ ಊರಿನ ಪ್ರವಾಸಿ ಕಚೇರಿಯಲ್ಲಿ ಟಿಕೆಟ್ ತೆಗೆದುಕೊಳ್ಳಿ. ಮಂಡಿನೋವಿನವರಿಗೆ ಇಡೀ ವಾರದಲ್ಲಿ ಕಷ್ಟದ ಜಾಗ ಇದೊಂದೇ. ಓಣಿಗಳು ತೀರ ಕಡಿದು, ಕಲ್ಲು ನುಣುಪು, ಮಳೆ ಬಂದರೆ ಜಾರುತ್ತದೆ. ಹಿಡಿತವಿರುವ ಬೂಟು ಹಾಕಿ, ಸೀರೆ ಉಡುವವರು ಆ ದಿನ ಬೇರೆ ಯೋಚಿಸಿ. ಹಿರಿಯರು ಮೇಲಿನ ಚೌಕದಲ್ಲೇ ಕೂತು ನೋಟ ಸವಿಯಬಹುದು, ಕೆಳಗಿಳಿಯಲೇಬೇಕೆಂದಿಲ್ಲ.

ದೋರ್ದೋನ್‌ನಲ್ಲಿ ಮಾಸ್ಕರೆ ಎಂಬ ವಿದ್ಯಮಾನವಿದೆ. ದೊಡ್ಡ ಉಬ್ಬರದ ದಿನಗಳಲ್ಲಿ, ನದಿಯಲ್ಲಿ ನೀರು ಕಡಿಮೆಯಿದ್ದಾಗ, ಕಡಲ ನೀರು ಅಲೆಯಾಗಿ ನದಿಯ ಮೇಲೆ ಏರಿ ಬರುತ್ತದೆ. ಲಿಬೂರ್ನ್‌ಗಿಂತ ಕೆಳಗಿನ ಸ್ಯಾಂ ಪಾರ್ದೋಂ ಎಂಬಲ್ಲಿ ಅದರ ಮೇಲೆ ಹಲಗೆ ಹಿಡಿದು ಸರ್ಫಿಂಗ್ ಮಾಡುತ್ತಾರೆ. ಬೇಸಿಗೆ ಕೊನೆಯ, ಶರತ್ಕಾಲದ ಯಾನವಾದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ವಾರ ಆರಿಸಿ.

*ಬೋರ್ಡೋ ನಗರ.* ಸಿತೆ ದ್ಯು ವ್ಯಾಂ ಎಂಬ ವೈನ್ ವಸ್ತುಸಂಗ್ರಹಾಲಯ 2016ರಲ್ಲಿ ತೆರೆಯಿತು. ಕುಡಿಯದವರಿಗೂ ಅರ್ಧ ದಿನ ಹಿಡಿದಿಡುವಷ್ಟು ಸರಕು ಅಲ್ಲಿದೆ. ಭಾನುವಾರ ಬೆಳಿಗ್ಗೆ ಶಾರ್ತ್ರೋಂ ದಂಡೆಯಲ್ಲಿ ಸಂತೆ ಸೇರುತ್ತದೆ. ನದಿಗೆ ಮುಖ ಮಾಡಿದ 18ನೇ ಶತಮಾನದ ಕಲ್ಲುಕಟ್ಟಡಗಳ ಚೆಲುವನ್ನು ಗೈಡ್ ಹೇಳುತ್ತಾರೆ. ಆ ಸಿರಿ ವೈನಿನಿಂದಷ್ಟೇ ಬಂದದ್ದಲ್ಲ, ವಸಾಹತು ವ್ಯಾಪಾರದಿಂದ, ಗುಲಾಮರ ಸಾಗಾಟದಿಂದಲೂ ಬಂತು. ಅಕಿತೇನ್ ವಸ್ತುಸಂಗ್ರಹಾಲಯ ಇದನ್ನು ಮುಚ್ಚಿಡದೆ ತೋರಿಸುತ್ತದೆ. ಒಂದು ಗಂಟೆ ಅದಕ್ಕೆ ಕೊಡಿ.

ಹಂತ 9: ವಾರ ಸಿಗದಿದ್ದರೆ

ಬೋರ್ಡೋದಲ್ಲಿ ಹೋಟೆಲ್ ಹಿಡಿದು, ಸ್ಯಾಂತ್ ಎಮಿಲಿಯೋಂಗೆ ಪ್ರಾದೇಶಿಕ ರೈಲಿನಲ್ಲಿ ಹೋಗಿಬನ್ನಿ (ಒಂದು ಕಡೆಗೆ ಅರ್ಧ–ಮುಕ್ಕಾಲು ಗಂಟೆ), ಇನ್ನೊಂದು ದಿನ ಪೊಯಾಕ್‌ಗೆ ರೈಲು ಹಿಡಿಯಿರಿ. ನದಿಯ ಮೇಲೆ ಕೆಲವು ಗಂಟೆಗಳ ದೋಣಿ ವಿಹಾರಗಳಿವೆ. ನಗರ ಸಾರಿಗೆಯ ನದಿ ದೋಣಿಯಲ್ಲಂತೂ ಟ್ರಾಮ್ ಟಿಕೆಟ್ಟೇ ನಡೆಯುತ್ತದೆ. ತೋಟದ ಭೇಟಿಗೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಿ, ಹಾಗೇ ಗೇಟಿನ ಮುಂದೆ ಹೋಗಿ ನಿಂತರೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ.

ಹಂತ 10: ಬಾಟಲಿ ಮನೆಗೆ ತರುವುದು

ಭಾರತಕ್ಕೆ ಬರುವ ವಯಸ್ಕರೊಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್, ವೈನ್ ಸಹ ಅದರೊಳಗೇ. 750 ಮಿ.ಲೀ.ನ ಎರಡು ಬಾಟಲಿ, ಮೇಲೆ ಸೋತೆರ್ನ್‌ನ 375 ಮಿ.ಲೀ.ನ ಅರ್ಧ ಬಾಟಲಿ ಒಂದು ಎಂದರೆ ಲೆಕ್ಕ ಸರಿಹೋಗುತ್ತದೆ. ಚೆಕ್-ಇನ್ ಲಗೇಜಿನಲ್ಲೇ ಹಾಕಿ, ಉಣ್ಣೆಬಟ್ಟೆಯಲ್ಲಿ ಸುತ್ತಿ ನಡುವೆ ಇಡಿ. ಅಂಗಡಿಗಳಲ್ಲಿ ಬಾಟಲಿಗೆಂದೇ ಗಾಳಿ ತುಂಬಿದ ಚೀಲ ಸಿಗುತ್ತದೆ, ಒಂದೆರಡು ಕೊಳ್ಳಿ. ಮೊದಲ ತೋಟದಲ್ಲೇ ಎಲ್ಲವನ್ನೂ ಕೊಂಡುಬಿಡಬೇಡಿ, ಎಡದಂಡೆ ಬಲದಂಡೆ ಎರಡರ ರುಚಿ ನೋಡಿದ ಮೇಲೆ ತೀರ್ಮಾನಿಸಿ.

ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಹೆಚ್ಚು ಖರೀದಿಸಿದರೆ ಪಾಸ್‌ಪೋರ್ಟ್ ತೋರಿಸಿ "ದೆತಾಕ್ಸ್" ಎಂದು ಕೇಳಿ. ಯುರೋಪಿಯನ್ ಒಕ್ಕೂಟದ ಹೊರಗೆ ನೆಲೆಸಿದವರಿಗೆ ಮಾರಾಟ ತೆರಿಗೆ ಹಿಂದಿರುಗಿಸುವ ಪತ್ರ ಅದು. ವಿಮಾನ ನಿಲ್ದಾಣದಲ್ಲಿ ಲಗೇಜ್ ಒಪ್ಪಿಸುವುದಕ್ಕೆ ಮುಂಚೆಯೇ ಯಂತ್ರದಲ್ಲಿ ಅದನ್ನು ದೃಢೀಕರಿಸಬೇಕು, ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎನ್ನಬಹುದು. ಪ್ಯಾರಿಸ್‌ನಲ್ಲಿ ಆ ಸಾಲಿಗೆಂದೇ ಒಂದು ಗಂಟೆ ಬೇಗ ಬನ್ನಿ.